ಬಾಡು ತಿನ್ನುವವರ ಮಡಿ

ನಮ್ಮಲ್ಲಿ ಊಟದ ಜಗಳ ಎಂದರೆ ಸಸ್ಯಾಹಾರಿಗಳಿಗೂ ಮಾಂಸಾಹಾರಿಗಳಿಗೂ ನಡೆಯುವ ಜಗಳ ಎಂದೇ ಎಲ್ಲರೂ ತಿಳಿದಿದ್ದಾರೆ. ಈ ಲೆಕ್ಕದಲ್ಲಿ ಕೋಳಿ, ಕುರಿ, ಮೀನು ಬೇಯುವ ನನ್ನಂಥವರ ಮನೆಗಳೆಲ್ಲ ಅನ್ಯಾಯಕ್ಕೆ ಒಳಗಾದವರ ಸಾಲಿಗೆ ಸೇರುತ್ತವೆ. ಬಾಡಿಗೆ ಮನೆಯ ಗೇಟಿಗೆ ತೂಗುಹಾಕಿದ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡನ್ನು ತೋರಿಸಿ ನಾವು ಸಿಟ್ಟಾಗುತ್ತೇವೆ, ಆಗಲೇಬೇಕು. ಆದರೆ ನಮ್ಮ ಅಡುಗೆಮನೆಯೊಳಗೂ ಒಂದು ಮಡಿ ಇದೆ. ಅಲ್ಲಿ ಕುರಿ ಮೇಲು, ಕೋಳಿ ಅದರ ಪಕ್ಕ, ಮೀನು ಪರವಾಗಿಲ್ಲ, ಏಡಿ ಅಷ್ಟಕ್ಕಷ್ಟೆ, ಹಂದಿ ಹೊಲಸು, ದನ ಪಾಪ, ಇಲಿ ತಿನ್ನುವವರೆಂದರೆ ಮನುಷ್ಯರೇ ಅಲ್ಲ. ‘ನಾವು ಬಾಡು ತಿಂತೀವಿ ನಿಜ, ಆದ್ರೆ ಹಂದಿ ಗಿಂದಿ, ದನ ಗಿನ ಎಲ್ಲಾ ಮುಟ್ಟಲ್ಲ’ ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಎಷ್ಟು ಹೆಮ್ಮೆಯಿಂದ ಹೇಳುವುದಿಲ್ಲ! ಅದನ್ನು ಹೇಳುವಾಗ ದನಿಯಲ್ಲಿ ಒಂದು ಸಮಾಧಾನ ಇರುತ್ತದೆ, ನಮಗಿಂತ ಕೆಳಗೆ ಇನ್ನೂ ಯಾರೋ ಇದ್ದಾರೆ ಎಂಬ ಸಮಾಧಾನ. ಈ ಲೇಖನ ಆ ಸಮಾಧಾನದ ವಿರುದ್ಧ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನೇ ನೋಡಿ. ಮದ್ಯ ಮತ್ತು ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದಾಗ ಮಂಡ್ಯದ ಜನ ಕೆರಳಿದರು, ಬಾಡೂಟಕ್ಕಾಗಿ ಹೋರಾಟವೇ ನಡೆಯಿತು. ಆ ಸಿಟ್ಟು ನ್ಯಾಯವಾದದ್ದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ಶೇ. 83ರಷ್ಟು, ಹೆಂಗಸರಲ್ಲಿ ಶೇ. 70ರಷ್ಟು ಮಂದಿ ಅಪರೂಪಕ್ಕಾದರೂ ಮೀನು, ಕೋಳಿ ಅಥವಾ ಮಾಂಸ ತಿನ್ನುವವರು. ಇಷ್ಟು ಜನರ ಊಟವನ್ನು ಬೀಡಿ ಸಿಗರೇಟಿನ ಸಾಲಿಗೆ ಹಾಕುವುದು ಅವಮಾನವೇ. ಆದರೆ ಆ ಚರ್ಚೆಯಲ್ಲಿ ಮುಂದೆ ನಿಂತದ್ದು ಕೋಳಿ, ಕುರಿ, ಮೊಟ್ಟೆ. ಹಂದಿಯೂ ದನವೂ ಆ ಪಂಕ್ತಿಯ ಹತ್ತಿರಕ್ಕೆ ಬರಲಿಲ್ಲ. ಅವನ್ನು ಉಣ್ಣುವ ಕನ್ನಡಿಗರು ಲಕ್ಷಗಟ್ಟಲೆ ಇದ್ದರೂ ಕನ್ನಡದ ಹಬ್ಬದಲ್ಲಿ ಅವರ ಊಟಕ್ಕೆ ಜಾಗ ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಯಾವ ನಿಷೇಧವನ್ನು ನಾವು ವಿರೋಧಿಸುತ್ತಿದ್ದೆವೋ ಅದನ್ನೇ ಒಂದು ಮೆಟ್ಟಿಲು ಕೆಳಗೆ ನಾವೇ ಜಾರಿಯಲ್ಲಿಟ್ಟಿದ್ದೆವು.

ಹಂದಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಈ ಮಡಿಯ ಬಣ್ಣ ಬಯಲಾಗುವುದು ಅಲ್ಲಿಯೇ. ಕೊಡಗಿನಲ್ಲಿ ಪಂದಿ ಕರಿ ಇಲ್ಲದ ಮದುವೆ ಮದುವೆಯಲ್ಲ. ಕಾಚಂಪುಳಿಯ ಕಪ್ಪು ಹುಳಿ, ಹುರಿದ ಕರಿಮೆಣಸು ಮತ್ತು ಜೀರಿಗೆ, ಜೊತೆಗೆ ಕಡಂಬುಟ್ಟು. ಇದು ನೆಂಟರ ಮುಂದೆ ಮರ್ಯಾದೆಯಿಂದ ಇಡುವ ಊಟ. ಮಡಿಕೇರಿಗೆ ಪ್ರವಾಸ ಹೋದ ಬೆಂಗಳೂರಿನವರು ಅದನ್ನು ಹುಡುಕಿಕೊಂಡು ಹೋಗಿ ತಿನ್ನುತ್ತಾರೆ, ಫೋಟೋ ಹಾಕುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ದುಕ್ರಾ ಮಾಸ್ ಎಂಬ ಹಂದಿ ಬಾಡಿಗೂ ‘ಸಣ್ಣ’ ಎಂಬ ಇಡ್ಲಿಗೂ ಅಂಥದೇ ಗೌರವವಿದೆ. ಈಗ ಬಯಲುಸೀಮೆಗೆ ಬನ್ನಿ. ಊರ ಹೊರಗೆ ಗುಡಿಸಲು ಹಾಕಿಕೊಂಡ ಹಂದಿಜೋಗಿಗಳು, ಹಂದಿ ಸಾಕಿ ಬುಟ್ಟಿ ಹೆಣೆಯುವ ಕೊರಮರು, ಕೊರಚರು. ಅದೇ ಪ್ರಾಣಿ, ಅದೇ ಮಾಂಸ, ಆದರೆ ಇಲ್ಲಿ ಹಂದಿ ಎಂಬುದು ಬೈಗುಳ. ಹಂದಿ ಸಾಕುವವನು ಅಂಗಳಕ್ಕೆ ಬಂದರೆ ಮೂಗು ಮುಚ್ಚಿಕೊಳ್ಳುವ ಕುಟುಂಬವೇ ಮುಂದಿನ ತಿಂಗಳು ಮಡಿಕೇರಿಯಲ್ಲಿ ಪಂದಿ ಕರಿಯ ಎರಡನೇ ಪ್ಲೇಟು ಕೇಳುತ್ತದೆ. ಮೈಸೂರು, ಮಂಡ್ಯ ಸೀಮೆಯ ಎಷ್ಟೋ ಮನೆಗಳಲ್ಲಿ ಗಂಡಸರು ಹಂದಿ ಬಾಡನ್ನು ಹಿತ್ತಿಲಲ್ಲೋ ತೋಟದಲ್ಲೋ ಬೇರೆ ಒಲೆ ಹೂಡಿ, ಬೇರೆ ಪಾತ್ರೆಯಲ್ಲಿ ಬೇಯಿಸಿ ತಿಂದು, ಮನೆಯೊಳಗೆ ಅದರ ಸೊಲ್ಲೆತ್ತದೆ ಬರುತ್ತಾರೆ. ರುಚಿ ಎಲ್ಲರಿಗೂ ಬೇಕು, ಹೆಸರು ಮಾತ್ರ ಬೇಡ.

ಕೊಡವರು ಜಮೀನುಳ್ಳವರು, ಕೋವಿ ಹಿಡಿದವರು. ಅವರು ಏನು ತಿಂದರೂ ಅದು ಸಂಸ್ಕೃತಿ. ಹಂದಿಜೋಗಿಗೆ ಜಮೀನಿಲ್ಲ, ಅವನು ತಿಂದರೆ ಹೊಲಸು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಮಾತನ್ನು ವಿವರಿಸಿದರು. ಕೆಳಗಿನ ಜಾತಿಯೊಂದು ಮಾಂಸ ಮತ್ತು ಹೆಂಡ ಬಿಟ್ಟು, ಮೇಲಿನವರ ಆಚಾರಗಳನ್ನು ಹಿಡಿದು, ಒಂದೆರಡು ತಲೆಮಾರುಗಳಲ್ಲಿ ಮೇಲಕ್ಕೇರಲು ನೋಡುತ್ತದೆ ಎಂಬುದು ಆ ಮಾತು. ಅದಕ್ಕೆ ಅವರು ಸಂಸ್ಕೃತೀಕರಣ ಎಂದು ಹೆಸರಿಟ್ಟರು. ಹಂದಿ ತಿಂದೂ ತಲೆಯೆತ್ತಿ ನಿಂತ ಕೊಡವರನ್ನು ಕುರಿತ ಪುಸ್ತಕದಲ್ಲೇ ಈ ಏಣಿಯ ವಿವರ ಬಂತು ಎಂಬುದು ನನಗೆ ಸದಾ ಮುಖ್ಯವಾಗಿ ಕಂಡಿದೆ. ಭೂಮಿ ಮತ್ತು ಬಲ ಇದ್ದವರಿಗೆ ತಟ್ಟೆ ಬದಲಿಸುವ ದರ್ದು ಇರಲಿಲ್ಲ. ಅವೆರಡೂ ಇಲ್ಲದವರು ಮನುಷ್ಯರೆನಿಸಿಕೊಳ್ಳಲು ಮೊದಲು ಹಂದಿ ಬಿಟ್ಟರು, ಆಮೇಲೆ ದನ ಬಿಟ್ಟರು, ಕೆಲವರು ಶನಿವಾರ ಸೋಮವಾರ ಎಂದು ಕೋಳಿಯನ್ನೂ ಬಿಟ್ಟರು. ಬಿಟ್ಟ ಮೇಲೆ, ಇನ್ನೂ ಬಿಡದವರನ್ನು ಕಂಡು ಹೇಸತೊಡಗಿದರು. ನಮ್ಮ ಅಜ್ಜಂದಿರ ಮನೆಗಳಲ್ಲಿ ನಡೆದದ್ದು ಇದೇ. ಇವತ್ತು ನಾವು ‘ನಮ್ಮ ಪದ್ಧತಿ’ ಎಂದು ಕರೆಯುತ್ತಿರುವುದು ಹೆಚ್ಚಿನಂಶ ಆ ಏಣಿ ಹತ್ತಿದ್ದರ ಗುರುತು.

ಇದಕ್ಕೆ ಸಿಗುವ ಮೊದಲ ಉತ್ತರ ಶುಚಿಯದು. ಹಂದಿ ಕೊಳಕು ತಿನ್ನುತ್ತದೆ, ಅದರಿಂದ ಮೆದುಳಿಗೆ ಹುಳ ಹತ್ತುತ್ತದೆ ಎನ್ನುತ್ತಾರೆ. ಇದನ್ನು ಹೇಳುವವರಲ್ಲಿ ಓದಿದವರೂ ಇದ್ದಾರೆ, ಹಾಗಾಗಿ ನಿಧಾನವಾಗಿ ಉತ್ತರಿಸುತ್ತೇನೆ. ಲಾಡಿಹುಳುವಿನ ಕೋಶಗಳಿರುವ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಮನುಷ್ಯನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ನಿಜ. ಆದರೆ ಮೆದುಳನ್ನು ಸೇರಿ ಮೂರ್ಛೆ ತರಿಸುವ ಕೋಶಗಳು ಮಾಂಸದಿಂದ ಬರುವುದಿಲ್ಲ. ಹುಳು ಹೊತ್ತ ಮನುಷ್ಯನ ಮಲದಲ್ಲಿರುವ ಮೊಟ್ಟೆಗಳು ನೀರಿನ ಮೂಲಕ, ತೊಳೆಯದ ಸೊಪ್ಪು ಸೌತೆಕಾಯಿಯ ಮೂಲಕ, ತೊಳೆಯದ ಕೈಯ ಮೂಲಕ ಬಾಯಿ ಸೇರಿದಾಗ ಆ ಕಾಯಿಲೆ ಬರುತ್ತದೆ. ಹುಟ್ಟಿನಿಂದ ಮಾಂಸ ಮುಟ್ಟದವರಿಗೂ ಅದು ಬರುತ್ತದೆ, ಬರುತ್ತಲೇ ಇದೆ. ಹಂದಿ ಮಲ ತಿನ್ನುವುದು ಮನುಷ್ಯರು ಬಯಲಿಗೆ ಕೂರುವ ಕಡೆ. ಶೌಚಾಲಯವಿಲ್ಲದ ಕೇರಿಯಲ್ಲಿ ಹಂದಿಯನ್ನು ದೂರುವುದು ಪಂಚಾಯಿತಿಯ ಹೊಣೆಯನ್ನು ಪ್ರಾಣಿಯ ಬೆನ್ನಿಗೆ ಹೊರಿಸಿದಂತೆ. ಕೊಟ್ಟಿಗೆಯಲ್ಲಿ ಕಟ್ಟಿ, ಹೊಟ್ಟು, ಜೋಳ, ಉಳಿದ ಅನ್ನ ಹಾಕಿ ಸಾಕಿದ ಹಂದಿಯ ಮಾಂಸವನ್ನು ಚೆನ್ನಾಗಿ ಬೇಯಿಸಿದರೆ ಕುರಿಗಿಂತ ಹೆಚ್ಚಿನ ಅಪಾಯ ಅದರಲ್ಲಿಲ್ಲ. ಇನ್ನು ಕೊಳಕು ತಿನ್ನುವ ಮಾತಿಗೆ ಬಂದರೆ, ತಿಪ್ಪೆ ಕೆದರುವ ನಾಟಿಕೋಳಿಯನ್ನು ನಾವು ಹೆಚ್ಚಿನ ಬೆಲೆ ಕೊಟ್ಟು ತರುತ್ತೇವೆ.

ಎರಡನೆಯ ಉತ್ತರ ಪರಂಪರೆಯದು. ಇವೆಲ್ಲ ನಮ್ಮ ಸಂಸ್ಕೃತಿಯಲ್ಲಿ ಇರಲಿಲ್ಲ, ಹೊರಗಿನಿಂದ ಬಂದವರಿಂದ ಕಲಿತದ್ದು ಎಂಬ ಮಾತು. ಇದನ್ನು ಹೇಳುವವರು ಬೀದರ್ ಜಿಲ್ಲೆಯ ಬಸವಕಲ್ಯಾಣದವರೆಗೆ ಒಮ್ಮೆ ಬರಬೇಕು. ಅಲ್ಲಿಂದ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ, 1129ರ ಸುಮಾರಿಗೆ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜನ ಭೋಗಗಳನ್ನು ವಿವರಿಸುವ ಭಾಗದಲ್ಲಿ ಅವನು ಅಡುಗೆಯನ್ನೂ ವಿವರವಾಗಿ ಬರೆದಿದ್ದಾನೆ. ಇಡ್ಲಿಯ, ವಡೆಯ ಹಳೆಯ ರೂಪಗಳು ಅಲ್ಲಿವೆ ಎಂದು ನಮ್ಮ ಪತ್ರಿಕೆಗಳು ಆಗಾಗ ಸಂತೋಷದಿಂದ ಬರೆಯುತ್ತವೆ. ಅದೇ ಅಧ್ಯಾಯದಲ್ಲಿ ಹಂದಿಯ ಕೂದಲನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು ಹೆರೆದು ಅಡುಗೆ ಮಾಡುವ ಕ್ರಮವಿದೆ. ಕರುಳಿಗೆ ರಕ್ತ ತುಂಬಿ ಬೇಯಿಸುವ ಬಗೆ ಇದೆ. ಆಮೆ ಇದೆ, ಸುಟ್ಟ ಏಡಿ ಇದೆ. ಹೊಲದ ಕೊಬ್ಬಿದ ಇಲಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಕೂದಲು ತೆಗೆದು, ಹೊಟ್ಟೆ ಸೀಳಿ ಶುಚಿ ಮಾಡಿ, ಉಪ್ಪು ಹುಳಿ ಹಚ್ಚಿ ಬೇಯಿಸುವ ಅಥವಾ ಕಬ್ಬಿಣದ ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವ ವಿಧಾನವೂ ಇದೆ. ಇದು ಕಾಡಿನ ಬಡವನ ಊಟದ ವರ್ಣನೆಯಲ್ಲ, ಕನ್ನಡ ನಾಡನ್ನು ಆಳಿದ ಚಕ್ರವರ್ತಿಯ ಪಾಕಶಾಲೆಯ ಕ್ರಮ. ಅದನ್ನು ಬರೆದಿಟ್ಟವನು ಆ ಚಕ್ರವರ್ತಿಯೇ. ಇಡ್ಲಿಯನ್ನು ಆ ಪುಸ್ತಕದಿಂದ ಎತ್ತಿಕೊಂಡು ಇಲಿಯನ್ನು ಅಲ್ಲಿಯೇ ಬಿಟ್ಟು ಬರುವವರು ಪರಂಪರೆಯ ಹೆಸರು ಹೇಳಬಾರದು.

ಭತ್ತದ ಕೊಯ್ಲು ಮುಗಿದ ಗದ್ದೆಯ ಬದುಗಳಲ್ಲಿ ಬಿಲ ಅಗೆದು ಇಲಿ ಹಿಡಿಯುವವರು ಇವತ್ತಿಗೂ ಇದ್ದಾರೆ. ಕಾಳು ತಿಂದು ಬೆಳೆದ ಗದ್ದೆ ಇಲಿಗೂ ಪೇಟೆಯ ಚರಂಡಿಯ ಹೆಗ್ಗಣಕ್ಕೂ ಇರುವ ಅಂತರ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಇಲಿ ಬಚ್ಚಿಟ್ಟ ಭತ್ತವನ್ನೂ ಅವರು ಬಿಲದಿಂದ ಹೊರತೆಗೆಯುತ್ತಾರೆ. ರೈತನ ಬೆಳೆ ಉಳಿಸುವ ಈ ಜನ ಅದೇ ರೈತನ ಜಗಲಿ ಹತ್ತುವಂತಿಲ್ಲ. ಮಲೆನಾಡಿನ, ಉತ್ತರ ಕನ್ನಡದ ಕೆಂಪಿರುವೆಯ ಚಗಳಿ ಚಟ್ನಿಯ ಕತೆಯೂ ಇಂಥದೇ. ಅಂಥದೇ ಚಟ್ನಿಗೆ ಒಡಿಶಾದ ಮಯೂರ್‌ಭಂಜ್‌ನಲ್ಲಿ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಸರ್ಕಾರದ ಮುದ್ರೆ ಬಿದ್ದ ಕೂಡಲೇ ‘ಪೌಷ್ಟಿಕ’ ಎಂದು ಕೊಂಡಾಡಿದ ಬಾಯಿಗಳು ಅಲ್ಲಿಯವರೆಗೆ ಅದನ್ನು ಕಾಡುಜನರ ತಿಂಡಿ ಎನ್ನುತ್ತಿದ್ದವು.

ದನದ ಮಾತನ್ನು ಆಡದೆ ಈ ವಿಷಯದಲ್ಲಿ ಮುಂದೆ ಹೋಗುವುದು ಹೇಡಿತನ. 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲವನ್ನು ಕುರಿತ ತಮ್ಮ ಗ್ರಂಥದಲ್ಲಿ ಅಂಬೇಡ್ಕರ್ ಒಂದು ವಾದವನ್ನು ಮುಂದಿಟ್ಟರು. ಒಂದು ಕಾಲಕ್ಕೆ ಎಲ್ಲರೂ ತಿನ್ನುತ್ತಿದ್ದ ಗೋಮಾಂಸವನ್ನು ಮೇಲಿನವರು ಬಿಟ್ಟು, ಗೋವನ್ನು ಪವಿತ್ರ ಮಾಡಿದರು. ಬಿಡದೆ ಉಳಿದವರು, ಅದರಲ್ಲೂ ಸತ್ತ ದನದ ಮಾಂಸವೇ ಪಾಲಿಗೆ ಬಂದವರು, ಮುಟ್ಟಬಾರದವರಾದರು. ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಊಟ ಮತ್ತು ಅಸ್ಪೃಶ್ಯತೆಯ ನಡುವಿನ ನಂಟನ್ನು ಅಷ್ಟು ನೇರವಾಗಿ ನಮ್ಮ ಮುಂದಿಟ್ಟವರು ಬೇರೆ ಯಾರೂ ಇಲ್ಲ. ಅದೇ ಅಂಬೇಡ್ಕರ್ 1927ರಲ್ಲಿ ಮಹಾಡದಲ್ಲಿ ತಮ್ಮ ಜನರಿಗೆ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಹೇಳಿದ್ದರು. ಇದನ್ನು ಹಿಡಿದು ಅವರು ಮಾಂಸದ ವಿರೋಧಿ ಎಂದು ವಾದಿಸುವವರಿದ್ದಾರೆ. ಅದು ಸುಳ್ಳು. ಊರವರು ಹೊರಗೆಸೆದದ್ದನ್ನು ಹೊತ್ತು ತಂದು, ಅದನ್ನೇ ತಿಂದು ಬದುಕಬೇಕೆಂಬ ಕಟ್ಟಳೆಯನ್ನು ಅವರು ಒಡೆಯಹೊರಟಿದ್ದರು. ದುಡ್ಡು ಕೊಟ್ಟು ತಂದ ಮಾಂಸವನ್ನು ಮನೆಯಲ್ಲಿ ಬೇಯಿಸಿ ಉಣ್ಣುವವನ ಕತೆ ಬೇರೆ. ಅವನಿಗೆ ಯಾರೂ ಯಾವ ಕಟ್ಟಳೆಯನ್ನೂ ಹಾಕಬಾರದು.

ಹಾಕಿದರೆ ಏನಾಗುತ್ತದೆ ಎಂದು ನೋಡಿದ್ದೇವೆ. 2015ರ ಸೆಪ್ಟೆಂಬರಿನಲ್ಲಿ ಉತ್ತರ ಪ್ರದೇಶದ ದಾದ್ರಿಯ ಬಳಿ ಮೊಹಮ್ಮದ್ ಅಖ್ಲಾಕ್ ಎಂಬವರನ್ನು ದನದ ಮಾಂಸ ತಿಂದರೆಂಬ ಶಂಕೆಯ ಮೇಲೆ ಗುಂಪು ಮನೆಗೆ ನುಗ್ಗಿ ಹೊಡೆದು ಕೊಂದಿತು. ಆಮೇಲೆ ಮಾಂಸವನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಅದು ಕುರಿಯದೋ ದನದ್ದೋ ಎಂದು ದೇಶವೆಲ್ಲ ಚರ್ಚಿಸಿತು, ಕುರಿಯದಾದರೆ ಕೊಲೆ ಹೆಚ್ಚು ತಪ್ಪು, ದನದ್ದಾದರೆ ಕಡಿಮೆ ತಪ್ಪು ಎಂಬಂತೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ವಾಹನಕ್ಕೆ ಕಟ್ಟಿ ಥಳಿಸಿದರು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾನೂನು 13 ವರ್ಷ ಮೀರಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಯಾವ ಜಾನುವಾರನ್ನೂ ಕಡಿಯಲು ಬಿಡುವುದಿಲ್ಲ. ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. 1964ರ ಹಳೆಯ ಕಾನೂನಿನಲ್ಲಿ ಮುದಿ ಎತ್ತು, ಕೆಲಸಕ್ಕೆ ಬಾರದ ಎಮ್ಮೆಗೆ ಪ್ರಮಾಣಪತ್ರ ಪಡೆದು ಮಾರುವ ದಾರಿಯಾದರೂ ಇತ್ತು. ಹೈನುಗಾರಿಕೆಯಲ್ಲಿ ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಟ್ರ್ಯಾಕ್ಟರ್ ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲ. ಅವುಗಳ ಮೇವಿನ ಖರ್ಚನ್ನು ಹೊರುವವನು ಎರಡು ಹಸು ಸಾಕಿದ ಸಣ್ಣ ರೈತ. ಬೆಳಿಗ್ಗೆ ಕಾಫಿಗೆ ಹಾಲು ಹಾಕಿಕೊಳ್ಳುವ ನಾವೆಲ್ಲ ಆ ಗಂಡುಕರುವಿನ ಗತಿಯಲ್ಲಿ ಪಾಲುದಾರರೇ.

ದಯೆಯ ಮಾತು ಬರುತ್ತದೆ. ಅದಕ್ಕೆ ನಾನು ಗೌರವ ಕೊಡುತ್ತೇನೆ, ಆದರೆ ಎಲ್ಲರ ಬಾಯಿಂದ ಬಂದಾಗಲೂ ಅಲ್ಲ. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೇ ಜನ್ಮಜನ್ಮಾಂತರಕ್ಕೆ ಬೆನ್ನುಹತ್ತುತ್ತದೆ. ಕೊಲ್ಲುವ ಯೋಚನೆಯನ್ನೂ ಹಿಂಸೆ ಎಂದ ಆ ಕಟ್ಟುನಿಟ್ಟಿನ ಮುಂದೆ ನಾನು ತಲೆಬಾಗುತ್ತೇನೆ. ಅಂಥ ವ್ರತ ಹಿಡಿದ ಜೈನರು, ಲಿಂಗಾಯತರು, ಯಾರೇ ಆಗಲಿ, ಮಾಂಸ ಬೇಡ ಎಂದರೆ ಅದು ಅವರ ನಂಬಿಕೆಗೆ ತಕ್ಕ ನಡೆ. ಹಂದಿ ಮುಟ್ಟದ ಮುಸ್ಲಿಮರ ವ್ರತವೂ ಹಾಗೆಯೇ. ತಿನ್ನದಿರುವುದಕ್ಕೆ ಯಾರೂ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಆದರೆ ಆ ವ್ರತ ಹಿಡಿದವರು ತಿನ್ನುವವರನ್ನು ಹೊಲಸರು ಎಂದು ಕರೆಯತೊಡಗಿದ ಗಳಿಗೆಯಲ್ಲಿ ವಿಷಯ ಊಟದ್ದಾಗಿ ಉಳಿಯುವುದಿಲ್ಲ. ಹಿಂದೂ ಹೇಳಿದರೂ ಮುಸ್ಲಿಮ ಹೇಳಿದರೂ ಆ ಮಾತಿನ ನಂಜು ಒಂದೇ. ಇನ್ನು ಕೋಳಿ ತಿನ್ನುವವರು ದಯೆಯ ಹೆಸರಿನಲ್ಲಿ ದನ ತಿನ್ನುವವರನ್ನು ಹೀಯಾಳಿಸಿದರೆ ಲೆಕ್ಕವನ್ನಾದರೂ ಮಾಡಲಿ. ಬ್ರಾಯ್ಲರ್ ಕೋಳಿ ರೆಕ್ಕೆ ಬಿಚ್ಚಲು ಜಾಗವಿಲ್ಲದ ಶೆಡ್ಡಿನಲ್ಲಿ ಸುಮಾರು ಆರು ವಾರ ಬದುಕುತ್ತದೆ. ಒಂದು ಎಮ್ಮೆಯಿಂದ ಸಿಗುವಷ್ಟು ಮಾಂಸಕ್ಕೆ ಅಂಥ ಕೋಳಿಗಳು ಕಡಿಮೆಯೆಂದರೂ ಎಪ್ಪತ್ತು ಬೇಕು. ಜೀವಗಳನ್ನು ಎಣಿಸುವ ದಯೆಯಾದರೆ ಅದು ಹೆದರಬೇಕಾದದ್ದು ಭಾನುವಾರದ ಚಿಕನ್ ಅಂಗಡಿಯ ಸಾಲಿಗೆ.

ಹಾಗಾದರೆ ಎಲ್ಲವನ್ನೂ ತಿನ್ನಬೇಕೇ, ನಾಯಿಯನ್ನೂ ತಿನ್ನಬೇಕೇ ಎಂದು ಕೇಳುತ್ತಾರೆ. ಇದನ್ನು ಕೇಳುವುದು ವಾದ ಮುಗಿಸಲು, ಆದರೆ ನಾನು ಉತ್ತರಿಸುತ್ತೇನೆ. ನಾಗಾಲ್ಯಾಂಡ್ ಸರ್ಕಾರ 2020ರ ಜುಲೈನಲ್ಲಿ ನಾಯಿ ಮಾಂಸದ ಮಾರಾಟವನ್ನು ನಿಷೇಧಿಸಿತು. 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಆ ಆದೇಶವನ್ನು ರದ್ದು ಮಾಡಿತು. ನಾಗಾ ಜನರಲ್ಲಿ ಅದು ಇಂದಿಗೂ ರೂಢಿಯಲ್ಲಿರುವ ಊಟ ಎಂಬುದನ್ನು ನ್ಯಾಯಾಲಯ ಪರಿಗಣಿಸಿತು. ನಾನು ನಾಯಿಯ ಮಾಂಸ ತಿನ್ನಲಾರೆ, ನಾಯಿಗಳ ಜೊತೆ ಬೆಳೆದವನು ನಾನು. ಆದರೆ ನನ್ನ ಹೊಟ್ಟೆ ತೊಳಸಿದ ಮಾತ್ರಕ್ಕೆ ಬೆಂಗಳೂರಿನಲ್ಲಿ ದುಡಿಯುವ ನಾಗಾ ಹುಡುಗ ನನಗಿಂತ ಕೀಳಾಗುವುದಿಲ್ಲ. ಅವನು ಬೇಯಿಸುವ ಅಡುಗೆಯ ವಾಸನೆ ಹಿಡಿದು ಅವನನ್ನು ಮನೆಯಿಂದ ಬಿಡಿಸುವ ಹಕ್ಕು ಯಾವ ಮಾಲೀಕನಿಗೂ ಬರುವುದಿಲ್ಲ. ಮಿತಿಗಳು ನನಗೂ ಇವೆ, ಆದರೆ ಅವಕ್ಕೆ ಕಾರಣಗಳಿವೆ. ಚಿಪ್ಪುಹಂದಿಯಂಥ ಅಳಿಯುತ್ತಿರುವ ಪ್ರಾಣಿಯನ್ನು ತಿನ್ನಬಾರದು, ಮತ್ತೆ ಹುಟ್ಟುವುದಕ್ಕೆ ಅವು ಉಳಿದಿಲ್ಲ. ಇನ್ನೊಬ್ಬರ ಮನೆಯ ಪ್ರಾಣಿಯನ್ನು ಕದ್ದು ತಿನ್ನಬಾರದು. ಪ್ರಾಣಿಯನ್ನು ಹಿಂಸಿಸಿ ಕೊಲ್ಲಬಾರದು. ಇವು ಕುರಿಗೂ ಅನ್ವಯಿಸುವ ಮಾತುಗಳು. ಹೇಸಿಗೆ ಮಾತ್ರ ಇಂಥ ಕಾರಣವಲ್ಲ. ಚಿಕ್ಕಂದಿನಲ್ಲಿ ಯಾರೋ ಮುಖ ಸಿಂಡರಿಸಿದ್ದನ್ನು ನೋಡಿ ಕಲಿತದ್ದು ಅದು. ಕರಾವಳಿಯಲ್ಲಿ ಹುಟ್ಟಿದವರಿಗೆ ಬೊಂಡಾಸು ಮೀನು, ಮರುವಾಯಿ ಚಿಪ್ಪು ಬಾಲ್ಯದ ರುಚಿ. ಘಟ್ಟದ ಮೇಲಿನವರಿಗೆ ಅವುಗಳನ್ನು ಕಂಡರೆ ಮೈ ಜುಮ್ಮೆನ್ನುತ್ತದೆ. ಮಂಡ್ಯದ ನಳ್ಳಿ ಸಾರಿಗೂ ಬೋಟಿ ಗೊಜ್ಜಿಗೂ ಜೀವ ಬಿಡುವವರು ಪಕ್ಕದ ಜಿಲ್ಲೆಯಲ್ಲಿ ಅವನ್ನು ಹೇಸುವವರನ್ನು ಕಂಡಿಲ್ಲವೇ?

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲಾ ಮಕ್ಕಳಿಗೆ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದರೂ ಆ ವಿರೋಧ ನಿಲ್ಲಲಿಲ್ಲ. ಆಗ ನಮ್ಮ ಬಾಡೂಟದ ಮನೆಗಳು ಮಕ್ಕಳ ಪರವಾಗಿ ಮಾತಾಡಿದವು, ಸಂತೋಷ. ಮೊಟ್ಟೆಗಾಗಿ ಮಾತಾಡಿದ ನಾವು ಇನ್ನೊಂದು ಹೆಜ್ಜೆಯನ್ನು ನಮ್ಮ ಮನೆಯೊಳಗೇ ಇಡಬೇಕು. ನಮ್ಮ ಮಗು ಗೆಳೆಯನ ಮನೆಯಲ್ಲಿ ದನದ ಬಾಡು ತಿಂದು ಬಂದರೆ ಅದಕ್ಕೆ ಸ್ನಾನ ಮಾಡಿಸಿ, ಗೆಳೆತನ ಬಿಡಿಸುವ ಮನೆಗಳು ಇವತ್ತಿಗೂ ಇವೆ.

ಜೊತೆಗೆ ಕೂತು ಉಣ್ಣುವುದು ನಮ್ಮ ಸುಧಾರಣೆಯ ಚರಿತ್ರೆಯಲ್ಲಿ ದೊಡ್ಡ ಕೆಲಸ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಮಿಶ್ರಭೋಜನ ಮಾಡಿಸಿದರು. ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ, ಬೈಗುಳ ತಿಂದರು. ಅಲ್ಲಿಂದ ನೂರು ವರ್ಷ ದಾಟಿದ ಮೇಲೆ ನಮ್ಮ ರಾಜಕಾರಣಿಗಳು ದಲಿತರ ಮನೆಗೆ ಊಟಕ್ಕೆ ಹೋಗುತ್ತಾರೆ, ಕ್ಯಾಮೆರಾಗಳು ಜೊತೆಗೆ ಹೋಗುತ್ತವೆ. ಅಂಥ ಒಂದು ಭೇಟಿಯಲ್ಲಿ ಇಡ್ಲಿಯನ್ನು ಹೋಟೆಲಿನಿಂದ ತರಿಸಲಾಗಿತ್ತು ಎಂಬ ಆರೋಪ 2017ರಲ್ಲಿ ನಮ್ಮ ರಾಜ್ಯದಲ್ಲೇ ಕೇಳಿಬಂತು. ಹೋಟೆಲಿನಿಂದ ತರಿಸದಿದ್ದರೂ ವ್ಯತ್ಯಾಸ ಅಷ್ಟೇನಿಲ್ಲ. ಗಣ್ಯರು ಬರುತ್ತಾರೆಂದರೆ ಆ ಮನೆಯ ಹೆಂಗಸು ಹಿಂದಿನ ದಿನವೇ ಅಡುಗೆಮನೆ ತೊಳೆದು, ಒಣಗಿಸಿಟ್ಟ ಬಾಡನ್ನು ಒಳಗೆ ಬಚ್ಚಿಟ್ಟು, ಕೋಸಂಬರಿ, ಪಲ್ಯ, ಪಾಯಸ ಮಾಡುತ್ತಾಳೆ. ಬಂದವರು ಅವಳ ಅಡುಗೆಯನ್ನು ಹೊಗಳಿ ಹೋಗುತ್ತಾರೆ. ಅವಳು ತನ್ನ ಮಕ್ಕಳಿಗೆ ಪ್ರೀತಿಯಿಂದ ಮಾಡುವ ಅಡುಗೆ ಯಾವುದೆಂದು ಅವರಿಗೆ ಗೊತ್ತಾಗುವುದೇ ಇಲ್ಲ. ವ್ರತವಿಲ್ಲದ, ಬಾಡು ತಿನ್ನುವ ನನ್ನಂಥವರು ಅಂಥ ಮನೆಗೆ ಕರೆದಾಗ ಮೊದಲೇ ಹೇಳಿ ಕಳುಹಿಸಬೇಕಾದ ಮಾತು ಇಷ್ಟೇ: ‘ಅಕ್ಕಾ, ನಮಗೇಂತ ಬೇರೆ ಏನೂ ಮಾಡಬೇಡಿ, ಭಾನುವಾರ ನೀವು ಏನು ಬೇಯಿಸ್ತೀರೋ ಅದನ್ನೇ ಹಾಕಿ, ಅದಕ್ಕೇ ಬರ್ತಿದೀವಿ.’